ಹೊಂಡ ಕೆರೆಯಾಗುವ ಬಗೆ

(ಬಾನುಲಿ ಭಾಷಣ)

ನಮ್ಮ ಕರಾವಳಿಯ ಮನೆಗಳ ಚರಿತ್ರೆಯನ್ನು ಬರೆಯುವವರು ಗೋಡೆಯ ಬಗೆಗೆ ಬರೆಯುತ್ತಾರೆ, ಮಾಡಿನ ಬಗೆಗೆ ಬರೆಯುತ್ತಾರೆ. ಆ ಗೋಡೆಯ ಕಲ್ಲು ಎದ್ದು ಬಂದ ಗುಂಡಿಯ ಬಗೆಗೆ ಬರೆಯುವವರು ವಿರಳ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗಳಲ್ಲಿ ಸಂಚರಿಸುವವರ ಕಣ್ಣಿಗೆ ಹಾಡಿಯ ಅಂಚಿನಲ್ಲಿ, ಗುಡ್ಡೆಯ ನೆತ್ತಿಯಲ್ಲಿ ಚೌಕವಾಗಿ ಕಡಿದು ಬಿಟ್ಟ ಕೆಂಪು ಹಳ್ಳಗಳು ಬೀಳದೆ ಇರವು. ಮುರಕಲ್ಲಿನ ಕೋರೆಗಳವು. ಊರಿನಲ್ಲಿ ಮನೆಗಳು ಮೇಲೇಳುತ್ತ ಹೋದಂತೆ ಎಲ್ಲಿಯೋ ಒಂದು ಕಡೆ ನೆಲ ಕೆಳಗಿಳಿಯುತ್ತ ಹೋಗಿದೆ. ಆ ಇಳಿದ ನೆಲದ ಹೊಣೆ ಯಾರದು, ಅದನ್ನು ಮತ್ತೆ ಊರಿನದಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಮುರಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ತರುವಾಯ ಕಂಪೆನಿ ಸರಕಾರದ ಅಪ್ಪಣೆಯಂತೆ ಆತ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಗಮನಿಸಿ, 1801ರ ಆರಂಭದಲ್ಲಿ ಕೆನರಾವನ್ನು ಹಾದು ಉತ್ತರಕ್ಕೆ ನಡೆದ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಬಗ್ಗುವ ಈ ಕಲ್ಲು, ಗಾಳಿ ಬಿಸಿಲು ತಾಕಿದಂತೆಲ್ಲ ಇಟ್ಟಿಗೆಯ ಹಾಗೆ ಗಟ್ಟಿಯಾಗುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟ. ಹೆಸರು ಹೊಸದು, ಬಳಕೆಯಾದರೋ ಬಲು ಹಳೆಯದು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿಯೂ, ಹಳೆಯ ಬಂದರುಪಟ್ಟಣವಾದ ಬಸರೂರಿನಲ್ಲಿಯೂ ಇದೇ ಕೆಂಪುಕಲ್ಲು ಗೋಡೆಯಾಗಿ, ಮೆಟ್ಟಿಲಾಗಿ ನಿಂತಿದೆ.

ಆ ಎರಡು ಊರುಗಳಲ್ಲಿ ದೇಗುಲಗಳೊಂದಿಗೆ ಕೆರೆಗಳೂ ಇವೆ. ಮುರಕಲ್ಲಿನ ನೆಲದಲ್ಲಿ ಕೆರೆ ತೋಡಿದರೆ ಕಲ್ಲು ತಾನಾಗಿ ಎದ್ದು ಬರುತ್ತದೆ. ಎದ್ದ ಕಲ್ಲು ಕೆರೆಯ ಪಾವಟಿಗೆಗಳಿಗೂ ಸುತ್ತಿನ ಪೌಳಿಗೂ ಒದಗುತ್ತದೆ. ಅಗೆತ ಒಂದೇ, ಫಲ ಎರಡು. ನಮ್ಮ ಭಾಷೆಯೂ ಈ ವಿವೇಕವನ್ನು ತನ್ನ ಪದಗಳಲ್ಲಿ ಉಳಿಸಿಕೊಂಡಿದೆ. ಕೆರೆ, ಮದಗ, ಬಾವಿ, ಹೊಂಡ ಎಲ್ಲವೂ ನೆಲದಲ್ಲಿನ ತಗ್ಗುಗಳೇ. ಆದರೆ ಕೆರೆಯನ್ನು ‘ಕಟ್ಟಿಸುತ್ತೇವೆ’. ಹೊಂಡ ಸುಮ್ಮನೆ ‘ಬೀಳುತ್ತದೆ’. ಕೆರೆಗೆ ಹೆಸರುಂಟು, ಏರಿ ಉಂಟು, ನೋಡಿಕೊಳ್ಳುವವರುಂಟು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಶಾಸನಗಳು ಶಪಿಸುತ್ತವೆ. ಅಂಥ ದತ್ತಿಗಳಲ್ಲಿ ಕೆರೆಗೆ ಬಿಟ್ಟ ಭೂಮಿಯೂ ಸೇರಿತ್ತು. ಹೊಂಡಕ್ಕೆ ಇಂಥ ಕಾವಲು ಯಾವುದೂ ಇಲ್ಲ.

ಕಳೆದ ಒಂದೂವರೆ ಶತಮಾನದಲ್ಲಿ ಕೆರೆ ಕಡಿಮೆಯಾಗಿ ಹೊಂಡ ಹೆಚ್ಚಿದುದಕ್ಕೆ ಕಾರಣಗಳು ಹಲವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಉದ್ಯಮ ಮಲ್ಪೆಗೆ ಬಂತು; ಕುಂದಾಪುರದ ಹೊಳೆಬದಿಗೂ ಬಂತು. ಹುಲ್ಲಿನ ಮಾಡು ಹಂಚಿನ ಮಾಡಾಯಿತು. ಬೈಲುಗಳ ಆವೆಮಣ್ಣು ದೋಣಿಯಲ್ಲಿ, ಗಾಡಿಯಲ್ಲಿ ಕಾರ್ಖಾನೆ ಸೇರಿತು. ಇತ್ತ ಗುಡ್ಡೆಗಳ ಮೇಲೆ ಕುಮ್ಕಿ ಎಂಬ ವಿಶಿಷ್ಟ ಹಕ್ಕು ಇತ್ತು. ವರ್ಗದ ಭೂಮಿಯಿಂದ ನೂರು ಗಜದ ಒಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಹುಲ್ಲು ತರುವ ಸವಲತ್ತು ಅದು. ಸೊಪ್ಪಿನ ಗೊಬ್ಬರದ ಬೇಸಾಯ ಹಿಂದೆ ಬಿದ್ದಂತೆ ಗುಡ್ಡೆಯೊಡನೆ ಕೃಷಿಕನಿಗಿದ್ದ ನಂಟು ಸಡಿಲವಾಯಿತು. ಅಷ್ಟರಲ್ಲಿ ಕಲ್ಲು ಕೊಯ್ಯುವ ಯಂತ್ರವೂ ಬಂತು. ಕೈಯಿಂದ ಕಡಿಯುವವನು ಮಳೆಗಾಲಕ್ಕೆ ಹತ್ಯಾರು ಕೆಳಗಿಟ್ಟು ಊರಿನಲ್ಲೇ ಇರುತ್ತಿದ್ದ. ಯಂತ್ರ ಶೇಡಿಮಣ್ಣು ತಾಕುವ ತನಕ ಕೊಯ್ದು ಮುಂದಿನ ಊರಿಗೆ ಹೊರಟಿತು.

ಉಳಿದ ಹೊಂಡದಲ್ಲಿ ಆಷಾಢಕ್ಕೆ ನೀರು ತುಂಬುತ್ತದೆ. ನೆಟ್ಟಗೆ ಕೊಯ್ದ ಗೋಡೆಗೆ ಮೆಟ್ಟಿಲಿಲ್ಲ, ಕೈಗೆ ಸಿಗುವ ಬೇರಿಲ್ಲ. ಈಜಲು ಹೋದ ಮಕ್ಕಳು ಮರಳಲಿಲ್ಲವೆಂಬ ವಾರ್ತೆಯನ್ನು ಕರಾವಳಿಯ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ನೀರಿಲ್ಲದ ಹೊಂಡಕ್ಕೆ ಪೇಟೆಯ ಕಸ ಬಂದು ಬೀಳುತ್ತದೆ. ಮುರಕಲ್ಲು ತೂತುತೂತಾದ ಕಲ್ಲು. ಕಸದ ರಸ ಅದರೊಳಗಿಂದ ಇಳಿದು ಕೆಳಗಿನ ಮನೆಯ ಬಾವಿಯನ್ನು ಸೇರುವುದಕ್ಕೆ ಹೆಚ್ಚು ಕಾಲ ಬೇಡ.

ದೊಡ್ಡ ಗಣಿಯ ಕಥೆ ನಮಗೆ ಚೆನ್ನಾಗಿ ಗೊತ್ತು. ಘಟ್ಟದ ಮೇಲಿನ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಸರಕಾರಿ ಕಂಪೆನಿ ಭದ್ರೆಯ ಮಡಿಲಿನ ಬೆಟ್ಟವನ್ನು ಅಗೆದು, ಅದಿರನ್ನು ಕೊಳವೆಯಲ್ಲಿ ಪಣಂಬೂರಿಗೆ ಹರಿಸಿತು. ಆ ಕಾಡಿನ ಸಿಂಗಳೀಕಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿ, ಅಲ್ಲಿ ರಾಷ್ಟ್ರೀಯ ಉದ್ಯಾನವಾಗಬೇಕೆಂದು ವಾದಿಸಿದವರು ಉಲ್ಲಾಸ ಕಾರಂತರು. ಕೋಟದ ಶಿವರಾಮ ಕಾರಂತರ ಮಗ. 1987ರಲ್ಲಿ ಉದ್ಯಾನ ಘೋಷಣೆಯಾಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2005ರ ಕೊನೆಯ ದಿನ ಗಣಿ ನಿಂತಿತು. ಗಣಿ ನಿಂತೊಡನೆ ಕಾಡು ಮರಳಲಿಲ್ಲ. ಲಕ್ಯಾ ಅಣೆಕಟ್ಟಿನ ಹಿಂದೆ ಅದಿರು ತೊಳೆದ ಹೂಳು ರಾಶಿಯಾಗಿ ಉಳಿಯಿತು. ಆದರೂ ಕುದುರೆಮುಖಕ್ಕೆ ವಾದಿಸುವವರು ಇದ್ದರು. ಅರ್ಧ ಎಕರೆಯ ಮುರಕಲ್ಲಿನ ಕೋರೆಗೆ ವಕೀಲರಿಲ್ಲ, ವಿಜ್ಞಾನಿಗಳಿಲ್ಲ. ಅದರ ವಕಾಲತ್ತನ್ನು ಊರೇ ವಹಿಸಬೇಕು.

ವಹಿಸುವಾಗ ಮೊದಲು ಬಿಡಬೇಕಾದುದು ‘ಬಂಜರು’ ಎಂಬ ಪದವನ್ನು. ಮುರಕಲ್ಲಿನ ಹಾಸು ಬೇಸಗೆಯಲ್ಲಿ ಸುಟ್ಟ ಕಾವಲಿಯಂತೆ ಕಾಣುತ್ತದೆ, ನಿಜ. ಶ್ರಾವಣದಲ್ಲಿ ಅದೇ ಹಾಸಿನ ಮೇಲೆ ಬೆರಳುದ್ದದ ಹುಲ್ಲು, ನೀಲಿ ಬಿಳಿ ಹೂಗಳು, ಹುಳುಗಳನ್ನು ಹಿಡಿದು ತಿನ್ನುವ ಪುಟ್ಟ ಗಿಡಗಳು ಹಬ್ಬುತ್ತವೆ. 2016ರಲ್ಲಿ ಮಣಿಪಾಲದ ಸುತ್ತಿನ ಇಂಥ ನೆಲದಲ್ಲಿ ವಿಜ್ಞಾನಿಗಳು ಹೊಸದೊಂದು ಕಪ್ಪೆಯನ್ನು ಗುರುತಿಸಿದರು. ಹೆಬ್ಬೆಟ್ಟಿನ ಉಗುರಿಗಿಂತ ತುಸುವೇ ದೊಡ್ಡದಾದ ಅದಕ್ಕೆ ಅವರಿಟ್ಟ ಹೆಸರು ಮೈಕ್ರೋಹೈಲಾ ಲ್ಯಾಟರೈಟ್. ಪಾಳುಭೂಮಿಯೆಂದು ದಾಖಲೆಗಳು ತಳ್ಳಿಹಾಕುವ ನೆಲದ ಕಡೆಗೆ ಜನರ ಗಮನ ಹರಿಯಲೆಂದೇ ಕಲ್ಲಿನ ಹೆಸರನ್ನು ಕಪ್ಪೆಗೆ ಕೊಟ್ಟರು. ಆದ್ದರಿಂದ ಬೋಳು ಕಂಡಲ್ಲೆಲ್ಲ ಅಕೇಶಿಯಾ ನೆಟ್ಟು ಹಸಿರಾಯಿತೆಂದು ಹಿಗ್ಗುವುದು ಸಲ್ಲದು. ಕಡಿಯದೆ ಉಳಿದ ಹಾಸನ್ನು ಹಾಸಾಗಿಯೇ ಬಿಡಬೇಕು. ದುರಸ್ತಿ ಬೇಕಾದುದು ಕಡಿದ ಹೊಂಡಕ್ಕೆ.

ಈ ದುರಸ್ತಿಗೆ ಬೇಕಾದುದು ಮುಖ್ಯವಾಗಿ ತಾಳ್ಮೆ. ಕೆನ್ಯಾ ದೇಶದ ಮೊಂಬಾಸಾ ಬಳಿಯ ಬಂಬೂರಿಯಲ್ಲಿ ಸಿಮೆಂಟಿಗಾಗಿ ಹವಳದ ಕಲ್ಲನ್ನು ಕಡಿದ ಬೋಳು ಕೋರೆಯಲ್ಲಿ ರೆನೆ ಹಾಲರ್ ಎಂಬವರು 1971ರಿಂದ ಗಿಡ ನೆಡತೊಡಗಿದರು. ಇಪ್ಪತ್ತಾರು ಜಾತಿಗಳನ್ನು ಪರೀಕ್ಷಿಸಿದಾಗ ಚೆನ್ನಾಗಿ ಬಾಳಿದ್ದು ನಮ್ಮ ಕಡಲತೀರದವರಿಗೆ ಪರಿಚಿತವಾದ ಗಾಳಿಮರ. ಆದರೆ ಅದರ ತರಗೆಲೆ ಕೊಳೆಯದೆ ಒಣಗಿಯೇ ಬಿದ್ದಿತು. ಅದನ್ನು ತಿಂದು ಮಣ್ಣು ಮಾಡಿಕೊಟ್ಟವು ಸಹಸ್ರಪದಿಗಳು. ಮಣ್ಣು ಬಂದ ಮೇಲೆ ಬೇರೆ ಮರಗಳು, ಹಕ್ಕಿಗಳು, ಕೊನೆಗೆ ನೋಡುವ ಜನರು ಬಂದರು. ಗಾಳಿಮರವನ್ನು ಇಲ್ಲಿಗೂ ತಂದು ನೆಡೋಣವೆಂದು ನಾನು ಹೇಳುತ್ತಿಲ್ಲ. ಆಯಾ ನೆಲ ಏನನ್ನು ಒಪ್ಪುತ್ತದೆಂದು ಕೇಳಿ, ಅದರ ಉತ್ತರಕ್ಕೆ ವರ್ಷಗಟ್ಟಲೆ ಕಾದುದು ಅನುಕರಣೀಯ.

ನಮ್ಮ ನೆಲ ಒಪ್ಪುವುದು ನೀರನ್ನು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳಿಗೆ ಬಾವಿಗಳು ತಳ ಕಾಣುತ್ತವೆ. ಒಂದು ಎಕರೆಯ ಕೋರೆಯಲ್ಲಿ ಒಂದು ಮೀಟರ್ ಆಳದ ನೀರು ನಿಂತರೆ ಅದು ನಲ್ವತ್ತು ಲಕ್ಷ ಲೀಟರ್. ನಿಧಾನವಾಗಿ ಇಂಗಿ ಕೆಳಗಿನ ಬಾವಿಗಳಿಗೆ ಒದಗಲು ಅದಕ್ಕೆ ಬೇಕಾದುದು ಕಸವಿಲ್ಲದ ಒಂದು ತಳ. ಒಂದು ಬದಿಯನ್ನು ಇಳಿಜಾರು ಮಾಡಿ ಮೆಟ್ಟಿಲು ಕಡಿಸಬೇಕು. ಉಳಿದ ಬದಿಗಳಿಗೆ ಗಟ್ಟಿಯಾದ ಬೇಲಿ ಬೇಕು. ಅಂಚಿನಲ್ಲಿ ಹೊನ್ನೆ, ಮುರುಗಲು, ನೇರಳೆ, ರೆಂಜೆ ಇರಲಿ. ಒಂದು ಕಟ್ಟೆ ಇರಲಿ. ಮಣ್ಣು, ಪಳ್ಳ ಎಂಬ ಎರಡು ಪದಗಳಿಂದ ಹೆಸರು ಪಡೆದ ಮಣಿಪಾಲದಲ್ಲಿ, ಹೆಸರಿಗೆ ಮೂಲವಾದ ಮಣ್ಣಪಳ್ಳದ ಸುತ್ತ ಇಂದು ಜನ ನಡೆದಾಡುತ್ತಾರೆ. ನೀರಿನ ದಡವೊಂದು ಪಟ್ಟಣಕ್ಕೆ ಉಸಿರಾಗಬಲ್ಲುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ.

ಕಾನೂನೂ ಈಗ ಈ ಕಡೆಗಿದೆ. ಐದು ಹೆಕ್ಟೇರಿಗಿಂತ ಕಿರಿದಾದ ಉಪಖನಿಜದ ಗುತ್ತಿಗೆಗಳಿಗೂ ಪರಿಸರದ ಅನುಮತಿ ಬೇಕೆಂದು 2012ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಗುತ್ತಿಗೆದಾರರು ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಜೀವಿಗಳಿಗೂ ಯೋಗ್ಯವಾಗಿಸಬೇಕೆಂದು 2020ರ ಜನವರಿಯಲ್ಲಿ ಆದೇಶಿಸಿತು. ಆದರೆ ಗುತ್ತಿಗೆಯೇ ಇಲ್ಲದೆ ಕಡಿದ, ಕಡಿದವನು ಯಾರೆಂದು ತಿಳಿಯದ ಹಳೆಯ ಹೊಂಡಗಳಿಗೆ ಆದೇಶ ತಲುಪುವುದು ಕಷ್ಟ. ಅಲ್ಲಿ ಗ್ರಾಮಸಭೆಯೇ ಮುಂದಾಗಬೇಕು: ಹೊಂಡಗಳನ್ನು ಎಣಿಸಬೇಕು, ಪಟ್ಟಿಯಲ್ಲಿ ಬರೆಯಬೇಕು, ಒಂದೊಂದಕ್ಕೂ ಹೆಸರಿಡಬೇಕು. ಹೆಸರಿಡುವುದು ಕನ್ನಡದ ಮೇಷ್ಟರ ಚಪಲವೆಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಹೆಸರಿರುವ ನೀರಿಗೆ ಕಸ ಸುರಿಯಲು ಕೈ ಹಿಂಜರಿಯುತ್ತದೆ. ಹೆಸರಿರುವ ನೀರಿನ ಬಳಿ ಆಡುವ ಮಗುವಿನ ಮೇಲೆ ಹಾದಿಹೋಕನ ಕಣ್ಣೂ ಇರುತ್ತದೆ.