ಚಾಕು ಹಿಡಿಯುವ ಮೊದಲು: ಒಂದು ವಿದ್ಯೆ ಬೆಳೆದ ದಾರಿ

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ, ಹೆಣ್ಣುಮಕ್ಕಳು ಚಾಕು ಇಟ್ಟುಕೊಂಡೇ ಓಡಾಡಲಿ ಎಂಬ ಮಾತು ದೇಶದಲ್ಲಿ ಜೋರಾಗಿ ಕೇಳಿಬಂತು. ಮರುತಿಂಗಳು ಮುಂಬೈಯಲ್ಲಿ ಶಿವಸೇನೆ ಮಹಿಳೆಯರಿಗೆ ಚಾಕುಗಳನ್ನೇ ಹಂಚಿತು. ಬ್ಯಾಗಿನಲ್ಲಿ ಚಾಕು ಇದ್ದುಬಿಟ್ಟರೆ ರಕ್ಷಣೆ ಸಿಕ್ಕೀತೇ? ಚಾಕು ಕಾಳಗದ ವಿದ್ಯೆಯ ದೊಡ್ಡ ಗುರುಗಳು ಹೆಚ್ಚು ತಲೆಕೆಡಿಸಿಕೊಂಡದ್ದು ಎದುರಾಳಿಯ ಕೈಯಲ್ಲಿರುವ ಚಾಕುವಿನ ಬಗ್ಗೆ.

ಇಟಲಿಯ ಖಡ್ಗಗುರು ಫಿಯೋರೆ ದೇಯ್ ಲಿಬೆರಿ 1410ರ ಆಸುಪಾಸಿನಲ್ಲಿ ರಚಿಸಿದ ಸಚಿತ್ರ ಹಸ್ತಪ್ರತಿಯಲ್ಲಿ ಕಠಾರಿಗೇ ದೊಡ್ಡದೊಂದು ಭಾಗವಿದೆ. ಅಲ್ಲಿ ಒಂಬತ್ತು ಗುರುಗಳು ಒಂಬತ್ತು ಬಗೆಯ ತಡೆಗಳನ್ನು ತೋರಿಸುತ್ತಾರೆ. ಮೊದಲನೆಯವನದು ಬರಿಗೈ. ಮೇಲಿನಿಂದ ಇಳಿಯುವ, ಕಠಾರಿ ಹಿಡಿದ ಕೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದು, ತಿರುಚಿ, ಆಯುಧ ಕಸಿದುಕೊಳ್ಳುತ್ತಾನೆ.

ಕೇರಳದ ಯುದ್ಧಕಲೆ ಕಳರಿಯಲ್ಲೂ ಬರಿಗೈಗೆ ದೊಡ್ಡ ಸ್ಥಾನವಿದೆ, ಆದರೆ ಅದು ಬರುವುದು ಕೊನೆಗೆ. ಮೊದಲು ಮೈ ಪಳಗಿಸುವ ಮೆಯ್‌ತಾರಿ, ಆಮೇಲೆ ಕೋಲಿನ ಕೋಲ್‌ತಾರಿ, ಅದು ದಾಟಿದ ಮೇಲೆ ಕಠಾರಿ, ಕತ್ತಿಗಳ ಅಂಕತಾರಿ. ಆಯುಧ ಹಿಡಿದವನನ್ನು ಬರಿಗೈಯಲ್ಲಿ ಎದುರಿಸುವ ವೆರುಂಕೈ ಕೊನೆಯ ಮೆಟ್ಟಿಲು. ವರ್ಷಗಟ್ಟಲೆ ಮೈ ಬಗ್ಗಿಸಿದವರಿಗಷ್ಟೇ ಗುರುಕ್ಕಳ್ ಅದನ್ನು ಹೇಳಿಕೊಡುತ್ತಾರೆ.

ದಿಕ್ಕು ಬದಲಾದದ್ದು ಎರಡನೇ ಮಹಾಯುದ್ಧದಲ್ಲಿ. ಶಾಂಘೈ ಪೊಲೀಸ್ ಪಡೆಯಲ್ಲಿ ಅನುಭವ ಪಡೆದಿದ್ದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ ರೂಪಿಸಿದ ಇಬ್ಬಾಯಿ ಕಠಾರಿ 1941ರಿಂದ ಬ್ರಿಟನ್ನಿನ ಕಮಾಂಡೊಗಳ ಕೈ ಸೇರಿತು. ಕಾವಲುಗಾರನ ಮೇಲೆ ಹಿಂದಿನಿಂದ ಎರಗಿ ಸದ್ದಿಲ್ಲದೆ ಮುಗಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಇಂಥ ಸೈನಿಕ ಪಾಠಗಳು ಯುದ್ಧ ಮುಗಿದ ಮೇಲೆ ನಾಗರಿಕರ ಆತ್ಮರಕ್ಷಣೆಯ ತರಗತಿಗಳಿಗೂ ಬಂದವು. ಆದರೆ ಹೊಂಚು ಹಾಕಿ ದಾಳಿ ಮಾಡುವವನ ಪಾಠ, ದಿಢೀರನೆ ದಾಳಿಗೆ ಸಿಕ್ಕಿದವರಿಗೆ ಹೇಗೆ ಒಗ್ಗೀತು?

ಫಿಲಿಪೀನ್ಸ್‌ನ ಎಸ್ಕ್ರಿಮಾ ಬೇರೆ ಉತ್ತರ ಕೊಟ್ಟಿತು. ಡ್ಯಾನ್ ಇನೊಸಾಂಟೊ ಅವರಂಥ ಗುರುಗಳಿಂದ ಅಮೆರಿಕದಲ್ಲಿ ಹರಡಿದ ಈ ವಿದ್ಯೆಯಲ್ಲಿ ಗುರಿ ಆಯುಧ ಹಿಡಿದ ಕೈ. ಆ ಕೈಗೆ ಪೆಟ್ಟು ಬಿದ್ದರೆ ಹಾವಿನ ಹಲ್ಲು ಕಿತ್ತಂತೆ ಎಂಬುದು ಅವರದೇ ಮಾತು.

1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಒಂದು ಸರಳ ಲೆಕ್ಕ ಮುಂದಿಟ್ಟರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ. ಪಳಗಿದ ಪೊಲೀಸನಿಗೆ ಪಿಸ್ತೂಲು ತೆಗೆದು ಗುಂಡು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಿದ್ದಮೇಲೆ ಬ್ಯಾಗಿನ ತಳದಲ್ಲಿರುವ ಚಾಕು ಕೈಗೆ ಬರುವುದು ಯಾವಾಗ? ಅಂದಿನಿಂದ ಚಾಕು ದಾಳಿ ಎದುರಿಸುವ ತರಬೇತಿಯಲ್ಲಿ ಅಂತರಕ್ಕೆ ಹೆಚ್ಚು ಮಹತ್ವ ಬಂತು.

ಈಗಿನ ಒಳ್ಳೆಯ ತರಗತಿಗಳಲ್ಲಿ ಬಿಳಿ ಅಂಗಿ ತೊಡಿಸಿ, ಬಣ್ಣ ಹಚ್ಚಿದ ರಬ್ಬರ್ ಚಾಕು ಕೊಟ್ಟು ಇಬ್ಬರನ್ನು ಎದುರುಬದುರು ಬಿಡುತ್ತಾರೆ. ಕ್ಷಣಾರ್ಧದಲ್ಲಿ ಇಬ್ಬರ ಮುಂಗೈ, ಎದೆ, ಹೊಟ್ಟೆಯ ಮೇಲೂ ಗೆರೆಗಳು ಮೂಡುತ್ತವೆ. ಗೆದ್ದವನ ಅಂಗಿಯೂ ಬೆಳ್ಳಗೆ ಉಳಿಯುವುದು ಅಪರೂಪ.

ಇನ್ನು ಕಾನೂನು. ಮನೆಗೆಲಸ, ಕೃಷಿಯಂಥ ಬಳಕೆಯವನ್ನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ. ಸಣ್ಣ ಚಾಕು ಬಳಸಿದರೂ ಲೆಕ್ಕ ಕೊಡಬೇಕು: ಭಾರತೀಯ ನ್ಯಾಯ ಸಂಹಿತೆಯ 37ನೇ ಸೆಕ್ಷನ್ ಪ್ರಕಾರ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಶಾಲೆ, ಕಾಲೇಜು, ಮಹಿಳಾ ಸಂಘಗಳಲ್ಲಿ ಆತ್ಮರಕ್ಷಣೆಯ ಶಿಬಿರ ನಡೆಸುವವರು ಈ ದೀರ್ಘ ಅನುಭವಕ್ಕೆ ಬೆಲೆ ಕೊಡಬೇಕು. ಅಪಾಯವನ್ನು ದೂರದಿಂದಲೇ ಗುರುತಿಸುವುದು, ಅಂತರ ಕಾಯ್ದುಕೊಳ್ಳುವುದು, ಕೂಗಿ ಜನ ಸೇರಿಸುವುದು, ದಾರಿ ಸಿಕ್ಕೊಡನೆ ಓಡುವುದು, ಬೇರೆ ದಾರಿಯೇ ಇಲ್ಲದಾಗ ಆಯುಧ ಹಿಡಿದ ಕೈಯನ್ನು ಕಟ್ಟಿಹಾಕುವುದು ಮೊದಲ ಪಾಠಗಳಾಗಲಿ. ಅಷ್ಟನ್ನು ಬೆವರು ಸುರಿಸಿ ಕಲಿಸದೆ ಚಾಕು ಹಂಚುವವರು ಹೆಣ್ಣುಮಕ್ಕಳಿಗೆ ಕೊಡುತ್ತಿರುವುದು ಸುಳ್ಳು ಧೈರ್ಯವನ್ನು.