ಜಾಹೀರಾತಿನ ಚಿತ್ರದಂತಿಲ್ಲದ ಕ್ಯಾಮರಾ, ಉಪಕರಣ: ಗ್ರಾಹಕರಿಗೆ ಲಭ್ಯವಿರುವ ಪರಿಹಾರ

ಚಿತ್ರದಲ್ಲಿ ಲೆನ್ಸ್ ಸಹಿತ ಕ್ಯಾಮರಾ ತೋರಿಸಿ, ನಮೂದಿಸಿದ ಬೆಲೆಗೆ ಲೆನ್ಸ್ ಇಲ್ಲದ ಅಥವಾ ಬೇರೆ ಮಾದರಿಯ ಕ್ಯಾಮರಾ ನೀಡಿದಲ್ಲಿ, ಅಂತಹ ಜಾಹೀರಾತು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರನ್ವಯ ದಾರಿತಪ್ಪಿಸುವ ಜಾಹೀರಾತೆನಿಸಬಹುದು. 2022ರ ಮಾರ್ಗಸೂಚಿಗಳ ಪ್ರಕಾರ, ಸಣ್ಣ ಅಕ್ಷರದ ಸೂಚನೆಯಿಂದ ತಪ್ಪು ಚಿತ್ರಣವನ್ನು ಸರಿಪಡಿಸಲಾಗದು.

ಯಾರು ಅರ್ಹರು: ಸ್ವಂತ ಬಳಕೆಗೆ ಖರೀದಿಸಿದವರು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಖರೀದಿಸಿದ ಸ್ಟುಡಿಯೋ ಛಾಯಾಗ್ರಾಹಕರೂ ಗ್ರಾಹಕರೆನಿಸುತ್ತಾರೆ.

ಎಲ್ಲಿ ಸಲ್ಲಿಸಬೇಕು: ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ನಿವಾಸಿಗಳು, ಮಾರಾಟಗಾರರು ಹೊರ ಜಿಲ್ಲೆಯವರಾಗಿದ್ದರೂ, ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ವಕೀಲರ ನೇಮಕ ಕಡ್ಡಾಯವಲ್ಲ.

ಕಾಲಮಿತಿ ಮತ್ತು ಶುಲ್ಕ: ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

ಲಗತ್ತಿಸಬೇಕಾದ ದಾಖಲೆಗಳು:
1. ಜಾಹೀರಾತಿನ ಪ್ರತಿ
2. ಖರೀದಿ ರಸೀದಿ
3. ಪೆಟ್ಟಿಗೆಯ ಮೇಲಿನ ವಿವರಗಳ ಹಾಗೂ ಸ್ವೀಕರಿಸಿದ ವಸ್ತುವಿನ ಭಾವಚಿತ್ರ
4. ಮಾರಾಟಗಾರರೊಂದಿಗಿನ ಪತ್ರ ವ್ಯವಹಾರ

ವಿಶೇಷ ಸೂಚನೆ: ಅಂತರ್ಜಾಲದ ಜಾಹೀರಾತುಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದಾದ್ದರಿಂದ, ಹಣ ಪಾವತಿಸುವ ಮುನ್ನವೇ ಪುಟದ ಪ್ರತಿಯನ್ನು ದಿನಾಂಕ ಸಹಿತ ಉಳಿಸಿಕೊಳ್ಳುವುದು. ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಓದಿಯೇ ಖರೀದಿಸುವುದು. ದಾಖಲೆಯಿಲ್ಲದ ದೂರನ್ನು ಸಾಬೀತುಪಡಿಸುವುದು ಕಷ್ಟ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.