ದೀನರ ಅನ್ನಕ್ಕೆ ಎರಡು ಆಧಾರಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವು ಕಾಳಾಮುಖ ಶೈವರ ಪ್ರಸಿದ್ಧ ವಿದ್ಯಾಸ್ಥಾನ. ಕ್ರಿ. ಶ. 1162ರ ಶಾಸನವೊಂದು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ವರ್ಣಿಸಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುವ ಸ್ಥಾನವದೆಂದು ಸಾರುತ್ತದೆ. ವಿದ್ಯೆ, ಅನ್ನ, ಔಷಧ ಮೂರೂ ಒಂದೇ ಆಶ್ರಯದಲ್ಲಿದ್ದುವೆಂಬುದು ಗಮನಾರ್ಹ.

ಇಂತಹ ಮಠಗಳ ಸೇವೆಗೆ ಆಧಾರವಾಗಿದ್ದುದು ಅರಸರೂ ಅಧಿಕಾರಿಗಳೂ ಬಿಟ್ಟ ದತ್ತಿ. ಬಿಜ್ಜಳನ ಆಳ್ವಿಕೆಯ ಅದೇ ಕಾಲದಲ್ಲಿ ಕಲ್ಯಾಣದ ಶರಣರು ದಾಸೋಹಕ್ಕೆ ಮತ್ತೊಂದು ಆಧಾರವನ್ನು ಕಂಡರು, ಅದು ಕಾಯಕ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಸತಿ ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರಹೇಳಿದಳೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧ. ನೀಡುವವರೇ ಬಡವರಾಗಿದ್ದ ಈ ಮಾರ್ಗದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭೇದಕ್ಕೆ ಎಡೆಯಿರಲಿಲ್ಲ.

ದತ್ತಿಯು ಸೇವೆಗೆ ನಿರಂತರತೆಯನ್ನು ತಂದಿತು. ಕಾಯಕವು ಅದನ್ನು ಪಡೆಯುವವರ ಮಾನವನ್ನು ಕಾಯ್ದಿತು. ನಿರ್ಗತಿಕ ಕುಟುಂಬಗಳಿಗೂ ಆಸರೆಯಿಲ್ಲದ ವೃದ್ಧರಿಗೂ ನೆರವಾಗುವ ಸಂಸ್ಥೆಗಳಲ್ಲಿ ಮೊದಲನೆಯದು ಮಾತ್ರವಿದ್ದರೆ ಹಸಿವು ತೀರೀತು, ಸಂಕೋಚ ಉಳಿದೀತು. ಎರಡೂ ಕೂಡಿದಾಗಲೇ ದಾನವು ದಾಸೋಹವೆನಿಸುತ್ತದೆ.